ಗ್ರೀಕರು, ರೋಮನ್ನರು ಸಿಟ್ಟು, ಮೋಹ, ದುಃಖ ಬೇಡ ಅಂದಿದ್ದರಾ? ಮೆಡಿಯಾಳ ಮೂರು ಸಾಲಿನ ಬಗ್ಗೆ ಮಾತಾಡೋಣ

ಹಳೇಪುಟ:

ಹದಿನೈದು ದಿನದಿಂದ ಒಂದು ನಾಟಕ ತಲೆಯಿಂದ ಇಳಿಯುತ್ತಿಲ್ಲ. ಯೂರಿಪಿಡೀಸ್ ಬರೆದ ಮೆಡಿಯಾ. ಕ್ರಿ.ಪೂ. 431ರಲ್ಲಿ ಅಥೆನ್ಸಿನ ಡಯೊನೈಸಸ್ ಹಬ್ಬದಲ್ಲಿ ಆಡಿದ್ದು. ಸ್ಪರ್ಧೆಯಲ್ಲಿದ್ದ ಮೂವರಲ್ಲಿ ಅವನಿಗೆ ಮೂರನೇ ಜಾಗ ಕೊಟ್ಟರಂತೆ.

ಓದಿಲ್ಲದವರಿಗೆ ಕಥೆ ಇಷ್ಟು. ಮೆಡಿಯಾ ಕಪ್ಪು ಸಮುದ್ರದ ಆಚೆ ದಡದ ಕೋಲ್ಖಿಸ್‌ನವಳು. ಜೇಸನ್ ಮೇಲಿನ ಮೋಹಕ್ಕೆ ತವರಿಗೆ ದ್ರೋಹ ಮಾಡಿದಳು, ಒಡಹುಟ್ಟಿದವನನ್ನೇ ಕೊಂದಳು, ಅವನ ಹಿಂದೆ ಗ್ರೀಸಿಗೆ ಬಂದಳು. ಎರಡು ಮಕ್ಕಳಾದವು. ಆಮೇಲೆ ಅವನು ಕೊರಿಂಥ್‌ನ ರಾಜಕುಮಾರಿಯನ್ನು ಕಟ್ಟಿಕೊಳ್ಳುತ್ತಾನೆ. ಮೆಡಿಯಾ ವಿಷ ಸವರಿದ ಸೀರೆ, ಕಿರೀಟ ಕಳಿಸಿ ಆ ಹುಡುಗಿಯನ್ನೂ ಅವಳಪ್ಪನನ್ನೂ ಸಾಯಿಸುತ್ತಾಳೆ (ಸೀರೆ ಅಂದೆ, ಅವರ ಉಡುಗೆ ಅಂದುಕೊಳ್ಳಿ). ಕೊನೆಗೆ ತನ್ನ ಎರಡೂ ಮಕ್ಕಳನ್ನು ಕೊಲ್ಲುತ್ತಾಳೆ, ಜೇಸನ್ ನರಳಲಿ ಅಂತ.

ಕೊಲ್ಲುವುದಕ್ಕೆ ಮುಂಚೆ ಅವಳು ಹೇಳುವ ಮೂರು ಸಾಲಿದೆ. 1078ರಿಂದ 1080. ನನ್ನ ಮಾತಲ್ಲಿ ಹೇಳುವುದಾದರೆ: ನಾನು ಎಂಥ ಕೇಡು ಮಾಡಹೊರಟಿದ್ದೀನಿ ಅಂತ ನನಗೆ ಗೊತ್ತು, ಆದರೆ ನನ್ನ ಯೋಚನೆಗಿಂತ ನನ್ನ ರೋಷದ ಕೈ ಮೇಲಾಗಿದೆ, ಮನುಷ್ಯರಿಗೆ ಬರುವ ದೊಡ್ಡ ದೊಡ್ಡ ಕೇಡಿಗೆಲ್ಲ ಇದೇ ಮೂಲ.

"ಗೊತ್ತು" ಅನ್ನುತ್ತಾಳೆ. ಅದೇ ನನ್ನನ್ನು ಬಿಡುತ್ತಿಲ್ಲ. ಈಗ ಎಲ್ಲಿ ನೋಡಿದರೂ ಸ್ಟೋಯಿಕರ (ಹಳೇ ಗ್ರೀಸ್, ರೋಮಿನ ಒಂದು ತತ್ವಜ್ಞಾನಿಗಳ ಪಂಥ) ಮಾತು ಹಂಚುತ್ತಾರೆ. ಮನಸ್ಸು ಹಿಡಿತದಲ್ಲಿಡು, ಸರಿಯಾಗಿ ಯೋಚಿಸು, ಸಿಟ್ಟು ತಾನೇ ಹೋಗುತ್ತದೆ, ಹಳೇ ಕಾಲದವರು ಹೇಳಿದ್ದು ಇಷ್ಟೇ ಅನ್ನುವ ಹಾಗೆ. ಇಲ್ಲಿ ಒಬ್ಬಳು ಸರಿಯಾಗಿಯೇ ಯೋಚಿಸಿದ್ದಾಳೆ. ಆದರೂ ಕತ್ತಿ ಎತ್ತಿಕೊಂಡಳು. ಹಾಗಾದರೆ ಆ ಜನ ಇಂಥ ಆವೇಶಗಳ ಬಗ್ಗೆ ನಿಜವಾಗಿ ಏನಂದುಕೊಂಡಿದ್ದರು? ಓದಿಕೊಂಡವರು ದಯವಿಟ್ಟು ಹೇಳಿ.

ಗಣಿತದ ಮೇಷ್ಟ್ರು:

ಒಳ್ಳೆ ಜಾಗ ಹಿಡಿದಿದ್ದೀರಿ. ನಿಮ್ಮ ಈ ಮೂರು ಸಾಲಿನ ಮೇಲೆಯೇ ಹಳಬರು ನೂರಾರು ವರ್ಷ ಜಗಳವಾಡಿದ್ದಾರೆ.

ಸ್ಟೋಯಿಕರಲ್ಲಿ ಕ್ರೈಸಿಪ್ಪಸ್ ಅಂತ ಒಬ್ಬ ದೊಡ್ಡ ತಲೆ. ಕ್ರಿ.ಪೂ. 3ನೇ ಶತಮಾನದವನು. ಅವನಿಗೆ ಮೆಡಿಯಾ ಎಷ್ಟು ಇಷ್ಟ ಅಂದರೆ, ಒಂದು ಪುಸ್ತಕದಲ್ಲಿ ಹೆಚ್ಚುಕಡಿಮೆ ಇಡೀ ನಾಟಕವನ್ನೇ ಎತ್ತಿ ಬರೆದುಕೊಂಡಿದ್ದನಂತೆ. ಅದನ್ನು ಓದುತ್ತಿದ್ದ ಯಾರನ್ನೋ ಏನು ಓದುತ್ತಿದ್ದೀಯ ಅಂತ ಕೇಳಿದರೆ "ಕ್ರೈಸಿಪ್ಪಸನ ಮೆಡಿಯಾ" ಅಂದನಂತೆ.

ಅವರ ವಾದ ಹೀಗಿದೆ. ಮೆಡಿಯಾಳ ಒಳಗೆ ಬುದ್ಧಿ ಬೇರೆ, ರೋಷ ಬೇರೆ ಅಂತ ಎರಡು ಇಲ್ಲ. ಮನಸ್ಸು ಒಂದೇ. ರೋಷ ಅಂದರೆ ಆ ಮನಸ್ಸು ಕೊಟ್ಟ ಒಂದು ತೀರ್ಪು: "ನನಗೆ ಅನ್ಯಾಯವಾಗಿದೆ, ಮುಯ್ಯಿ ತೀರಿಸಲೇಬೇಕು." ತೀರ್ಪು ತಪ್ಪು. ಆದರೆ ಕೊಟ್ಟಿದ್ದು ಅವಳೇ. ಹಾಗಾದರೆ ತಡೆಯೋಕೆ ಯಾಕೆ ಆಗಲ್ಲ? ಅದಕ್ಕೆ ಕ್ರೈಸಿಪ್ಪಸ್ ಓಟಗಾರನನ್ನು ತೋರಿಸುತ್ತಾನೆ. ನಡೆಯುವವನು ಬೇಕಾದ ಕಡೆ ನಿಲ್ಲಬಲ್ಲ. ಜೋರಾಗಿ ಓಡುವವನಿಗೆ ಆಗಲ್ಲ. ಕಾಲು ಅವನದೇ, ಓಟ ಅವನದೇ, ಆದರೂ ನಿಲ್ಲಬೇಕು ಅಂದುಕೊಂಡ ಜಾಗ ದಾಟಿ ಹೋಗಿರುತ್ತಾನೆ.

ನನಗೆ ಈ ಮಾತು ಬಹಳ ಹಿಡಿಸುತ್ತದೆ.

ತುಂಗಾತೀರ:

ಮೇಷ್ಟ್ರೇ, ಉಪಮೆ ಚೆನ್ನಾಗಿದೆ. ಆದರೆ ಓಡುವವನಿಗೆ ಓಡುವುದು ಹಿತ ಅನ್ನಿಸುತ್ತದಲ್ಲಾ, ಅದನ್ನು ಯಾರು ಹೇಳಬೇಕು? ಅದನ್ನು ಹೋಮರ್ ಹೇಳಿದ್ದಾನೆ. ಟ್ರಾಯ್ ಯುದ್ಧದ ಕಾವ್ಯ ಇಲಿಯಡ್ ಶುರುವಾಗುವುದೇ ಸಿಟ್ಟು ಅನ್ನುವ ಪದದಿಂದ, ಮೇನಿಸ್. ಹೋಮರನಲ್ಲಿ ಈ ಪದ ಹೆಚ್ಚಾಗಿ ದೇವರುಗಳ ಕೋಪಕ್ಕೆ ಬರುವುದು. ಮನುಷ್ಯರಲ್ಲಿ ಅದನ್ನು ಮುಖ್ಯವಾಗಿ ಗ್ರೀಕರ ದೊಡ್ಡ ವೀರ ಅಕಿಲೀಸ್‌ಗೇ ಹಚ್ಚುತ್ತಾನೆ. ಅಲ್ಲೇ ಗೊತ್ತಾಗುತ್ತದೆ, ಕವಿಗೆ ಈ ಸಿಟ್ಟಿನ ಮೇಲೆ ಭಯವೂ ಇದೆ, ಗೌರವವೂ ಇದೆ.

18ನೇ ಪುಸ್ತಕಕ್ಕೆ ಬನ್ನಿ. ಅಕಿಲೀಸ್ ಸಿಟ್ಟು ಮಾಡಿಕೊಂಡು ಯುದ್ಧಕ್ಕೆ ಹೋಗದೆ ಕೂತಿದ್ದಕ್ಕೆ ಅವನ ಜೀವದ ಗೆಳೆಯ ಪಟ್ರೋಕ್ಲಸ್ ಸತ್ತಿದ್ದಾನೆ. ಆಗ ಅಮ್ಮನ ಮುಂದೆ ಹೇಳುತ್ತಾನೆ: ಸಿಟ್ಟು ಅನ್ನುವುದು ದೇವರಿಂದಲೂ ಮನುಷ್ಯರಿಂದಲೂ ಅಳಿದುಹೋಗಲಿ, ಅದು ತಿಳಿದವನನ್ನೂ ಕೆರಳಿಸುತ್ತದೆ, ತೊಟ್ಟಿಕ್ಕುವ ಜೇನಿಗಿಂತ ಸಿಹಿ, ಎದೆಯೊಳಗೆ ಹೊಗೆಯ ಹಾಗೆ ತುಂಬಿಕೊಳ್ಳುತ್ತದೆ.

ಜೇನು, ಹೊಗೆ. ಜೇನು ಬಿಡಿಸೋಕೆ ಹೊಗೆ ಹಾಕುತ್ತಾರಲ್ಲಾ, ಅದು ಹೋಮರನ ಮನಸ್ಸಲ್ಲಿ ಇತ್ತೋ ಏನೋ, ನನಗಂತೂ ಓದಿದಾಗೆಲ್ಲ ಅದೇ ಕಣ್ಣಿಗೆ ಬರುತ್ತದೆ. ಸಿಟ್ಟು ಕೆಟ್ಟದ್ದು ಅಂತ ಯಾರು ಬೇಕಾದರೂ ಹೇಳಬಹುದು. ಸಿಹಿ ಅಂತ ಒಪ್ಪಿಕೊಳ್ಳೋಕೆ ಧೈರ್ಯ ಬೇಕು. ಅರಿಸ್ಟಾಟಲ್ ಕೂಡ ಸಿಟ್ಟಿನಲ್ಲಿ ಒಂದು ಸುಖ ಇದೆ ಅಂತ ಹೇಳುವಾಗ ಇದೇ ಸಾಲನ್ನು ತೆಗೆದುಕೊಳ್ಳುತ್ತಾನೆ.

ರಾತ್ರಿಪಾಳಿ:

ನಾನು ಆಸ್ಪತ್ರೆಯಲ್ಲಿ ನರ್ಸ್. ಗ್ರೀಕ್ ಎಲ್ಲ ಗೊತ್ತಿಲ್ಲ, ರೋಮಿನ ಸ್ಟೋಯಿಕ್ ಸೆನೆಕಾನನ್ನು ಮಾತ್ರ ಓದಿದ್ದೀನಿ, ಅದೂ ಇಂಗ್ಲಿಷಿನಲ್ಲಿ. ಯಾಕೆ ಓದಿದೆ ಅಂತಲೇ ಹೇಳಿಬಿಡುತ್ತೀನಿ. ಹೋದ ವರ್ಷ ಕೆಲಸದಲ್ಲಿ ಹಿರಿಯರೊಬ್ಬರು ರೋಗಿಯ ಮನೆಯವರ ಎದುರಿಗೇ ನನ್ನ ಮೇಲೆ ಕೂಗಾಡಿದರು. ತಪ್ಪು ನನ್ನದಲ್ಲ. ಮೂರು ದಿನ ನಿದ್ದೆ ಬರಲಿಲ್ಲ. ಅವರಿಗೆ ಏನೇನು ಹೇಳಬೇಕಿತ್ತು ಅಂತ ಮನಸ್ಸಲ್ಲೇ ನೂರು ಸಲ ಹೇಳಿಕೊಂಡೆ. ತುಂಗಾತೀರ ಅಕ್ಕ ಹೇಳಿದ ಜೇನು ಏನು ಅಂತ ನನಗೆ ಚೆನ್ನಾಗಿ ಗೊತ್ತು.

ಸೆನೆಕಾ ಸಿಟ್ಟಿನ ಮೇಲೆ ಮೂರು ಪುಸ್ತಕ ಬರೆದಿದ್ದಾನೆ, ತನ್ನ ಅಣ್ಣ ನೊವಾಟಸ್‌ಗೆ. ಸಿಟ್ಟಿಗೆ ದೊಡ್ಡ ಮದ್ದು ಅಂದರೆ ತಡ ಮಾಡುವುದು ಅನ್ನುತ್ತಾನೆ. ಕ್ಷಮಿಸು ಅಂತ ಹೇಳಲ್ಲ, ಮೊದಲು ಸ್ವಲ್ಪ ತಡಿ ಅಷ್ಟೇ. ಆಮೇಲೆ ರಾತ್ರಿಯ ಮಾತು ಒಂದಿದೆ. ದೀಪ ತೆಗೆದ ಮೇಲೆ, ಅವನ ಅಭ್ಯಾಸ ಗೊತ್ತಿದ್ದ ಹೆಂಡತಿ ಸುಮ್ಮನಾದ ಮೇಲೆ, ಆ ದಿನ ಆಡಿದ್ದು ಮಾಡಿದ್ದೆಲ್ಲ ಒಂದೊಂದಾಗಿ ತನ್ನ ಮುಂದೆ ಇಟ್ಟುಕೊಂಡು ನೋಡುತ್ತಿದ್ದನಂತೆ. ಏನನ್ನೂ ಮುಚ್ಚಿಟ್ಟುಕೊಳ್ಳಲ್ಲ, ಇವತ್ತಿಗೆ ಕ್ಷಮಿಸಿದ್ದೀನಿ, ಇನ್ನೊಂದು ಸಲ ಹೀಗೆ ಮಾಡಬೇಡ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ.

ನಾನು ಪಾಳಿ ಮುಗಿಸಿ ಬೆಳಗ್ಗೆ ಬಸ್ಸಲ್ಲಿ ಇದನ್ನು ಮಾಡುತ್ತೀನಿ. ನಿಜವಾಗಲೂ ಉಪಯೋಗ ಆಗಿದೆ. ಹಾಗಾಗಿ ಸ್ಟೋಯಿಕರನ್ನು ಸುಮ್ನೆ ತಳ್ಳಿಹಾಕಬೇಡಿ ಅಂತ ನನ್ನ ಕೋರಿಕೆ.

ಬಯಲುಸೀಮೆ:

ರಾತ್ರಿಪಾಳಿ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ಮೊದಲು ಹೇಳಬೇಕು ಅನ್ನಿಸಿತು.

ಈಗ ನನ್ನ ತಕರಾರು. ಸಿಟ್ಟು ಸರಿಯೋ ತಪ್ಪೋ ಅಂತ ಎಲ್ಲರೂ ಕೇಳುತ್ತಿದ್ದೀರಿ. ಯಾರ ಸಿಟ್ಟು ಅಂತಲೂ ಕೇಳಬೇಕು. ಅರಿಸ್ಟಾಟಲ್ ಸಿಟ್ಟನ್ನು ಪೂರ್ತಿ ಬೇಡ ಅನ್ನಲಿಲ್ಲ. ಸಿಟ್ಟಾಗುವುದು ಸುಲಭ, ಆಗಬೇಕಾದವರ ಮೇಲೆ, ಆಗಬೇಕಾದಷ್ಟು, ಆಗಬೇಕಾದ ಹೊತ್ತಲ್ಲಿ ಆಗುವುದು ಕಷ್ಟ ಅಂದ. ಸಿಟ್ಟು ಬರಬೇಕಾದ ಕಡೆ ಬರದಿದ್ದರೆ ಅವನು ದಡ್ಡ ಅಂದ. ತನಗೋ ತನ್ನವರಿಗೋ ಅವಮಾನ ಆದಾಗ ನುಂಗಿಕೊಂಡಿರುವುದು ಗುಲಾಮರ ಲಕ್ಷಣ ಅಂದ. ಆ ಕೊನೇ ಮಾತು ಗಮನಿಸಿ. ಅಂದರೆ ಸಿಟ್ಟು ಅನ್ನುವುದು ಸ್ವತಂತ್ರ ಗಂಡಸಿನ ಹಕ್ಕು. ಅಕಿಲೀಸ್‌ಗೆ ಬಂದರೆ ಮಹಾಕಾವ್ಯ. ಮನೆಯಲ್ಲಿ ಚಾಕರಿ ಮಾಡುವ ಗುಲಾಮನಿಗೆ ಬಂದರೆ ಅದಕ್ಕೆ ಹೆಸರೇ ಇಲ್ಲ.

ಮೆಡಿಯಾ ಹೆಂಗಸು, ಪರದೇಶದವಳು. ಅವಳ ಬಾಯಲ್ಲಿ ಯೂರಿಪಿಡೀಸ್ ಗಂಡು ವೀರರ ಮಾತು ಇಡುತ್ತಾನೆ: ಶತ್ರುಗಳು ನನ್ನನ್ನು ನೋಡಿ ನಗಬಾರದು. ಒಂದು ಸಲ ಹೆರುವುದಕ್ಕಿಂತ ಮೂರು ಸಲ ಗುರಾಣಿ ಹಿಡಿದು ನಿಲ್ಲುತ್ತೀನಿ ಅಂತಲೂ ಅನ್ನುತ್ತಾಳೆ. ಅದೇ ರೋಷ, ಅದೇ ಮಾನದ ಲೆಕ್ಕ. ನೋಡುತ್ತಿದ್ದವರಿಗೆ ಮೈ ಚಳಿ ಹಿಡಿದಿದ್ದು ಅದಕ್ಕೇ ಅಂತ ನಾನು ನಂಬಿದ್ದೀನಿ. ಅವಳನ್ನು ಹೊರಗಿನವಳು ಅಂತ ದೂರ ಇಡೋಕೆ ಅವರಿಗೆ ಆಗಲಿಲ್ಲ. ಕೊನೆಯಲ್ಲಿ ಶಿಕ್ಷೆಯೂ ಇಲ್ಲ. ಅಜ್ಜ ಸೂರ್ಯ ಕಳಿಸಿದ ರಥ ಹತ್ತಿ ಹೋಗುತ್ತಾಳೆ. ಎಲ್ಲಿಗೆ? ಅಥೆನ್ಸಿಗೇ. ನಾಟಕ ನೋಡುತ್ತಾ ಕೂತವರ ಊರಿಗೆ.

ಗಣಿತದ ಮೇಷ್ಟ್ರು:

ಬಯಲುಸೀಮೆ, ನಿಮ್ಮ ಮಾತು ಒಪ್ಪುತ್ತೀನಿ, ಆದರೆ ಅಲ್ಲೇ ಸ್ಟೋಯಿಕರಿಗೆ ಒಂದು ಅಂಕ ಕೊಡಿ. ಎಪಿಕ್ಟೆಟಸ್ ಗುಲಾಮನಾಗಿದ್ದವನು. ಅವನೂ ಮೆಡಿಯಾ ಬಗ್ಗೆ ಮಾತಾಡಿದ್ದಾನೆ. ಮಕ್ಕಳನ್ನು ಉಳಿಸಿಕೊಳ್ಳುವುದಕ್ಕಿಂತ ಗಂಡನ ಮೇಲೆ ಸೇಡು ತೀರಿಸುವುದೇ ತನಗೆ ಲಾಭ ಅಂತ ಅವಳಿಗೆ ಅನ್ನಿಸಿತು, ಅದು ಮೋಸ ಅಂತ ಅವಳಿಗೆ ಸರಿಯಾಗಿ ತೋರಿಸಿಕೊಡಿ, ಅವಳು ಮಾಡುವುದಿಲ್ಲ, ತೋರಿಸದೆ ಇದ್ದರೆ ತನಗೆ ಕಂಡದ್ದನ್ನು ಬಿಟ್ಟು ಇನ್ನೇನನ್ನು ಹಿಡಿದುಕೊಂಡು ಹೋಗಬೇಕು ಪಾಪ ಅವಳು ಅನ್ನುತ್ತಾನೆ. ಆಮೇಲೆ ಕೇಳುತ್ತಾನೆ, ಅವಳ ಮೇಲೆ ಯಾಕೆ ಸಿಟ್ಟು? ಕುರುಡರನ್ನು, ಕುಂಟರನ್ನು ನೋಡಿ ಅಯ್ಯೋ ಅನ್ನುವ ಹಾಗೆ ಅವಳನ್ನೂ ನೋಡಿ ಯಾಕೆ ಅನ್ನಬಾರದು?

ಸ್ಟೋಯಿಕರು ಕಲ್ಲು ಮನಸ್ಸಿನವರು ಅನ್ನುವವರಿಗೆ ನಾನು ಇದನ್ನೇ ತೋರಿಸುವುದು.

ಹಳೇಪುಟ:

ಮೇಷ್ಟ್ರೇ, ಎಪಿಕ್ಟೆಟಸ್‌ನ ಮಾತು ಓದಿ ಗಂಟಲು ಕಟ್ಟಿತು. ಆದರೆ ಒಪ್ಪಿಕೊಳ್ಳಲಾರೆ. ಅವಳಿಗೆ ತೋರಿಸಿಕೊಡಬೇಕಾದ್ದು ಏನೂ ಉಳಿದಿಲ್ಲ. ಆ ಮೂರು ಸಾಲಿಗೆ ಸ್ವಲ್ಪ ಮುಂಚೆ ಅವಳು ಮಕ್ಕಳ ಕೈ ಹಿಡಿದು ಮುತ್ತು ಕೊಡುತ್ತಾಳೆ. ಎಳೇ ಚರ್ಮ, ಮಕ್ಕಳ ಉಸಿರಿನ ಕಂಪು, ಎಲ್ಲ ಹೇಳುತ್ತಾಳೆ. ಹೋಗಿ ಹೋಗಿ, ನಿಮ್ಮನ್ನು ನೋಡೋಕೆ ಆಗುತ್ತಿಲ್ಲ ಅನ್ನುತ್ತಾಳೆ. ಬೆಲೆ ಎಷ್ಟು ಅಂತ ಬೆರಳಿಂದ ಮುಟ್ಟಿ ನೋಡಿದವಳು ಅವಳು.

ಇನ್ನೊಂದು ವಿಷಯ ಗೊತ್ತಾಯಿತು. 1056ರಿಂದ 1080ರ ತನಕದ ಭಾಗ ಯೂರಿಪಿಡೀಸನದ್ದೇ ಅಲ್ಲ, ಆಮೇಲೆ ಯಾರೋ ಸೇರಿಸಿದ್ದು ಅಂತ ಕೆಲವು ವಿದ್ವಾಂಸರು ಕಂಸ ಹಾಕಿಟ್ಟಿದ್ದಾರೆ. ಅಂದರೆ ನಾನು ಹಿಡಿದುಕೊಂಡ ಸಾಲೇ ಅನುಮಾನದ್ದು. ಆದರೆ ಕ್ರೈಸಿಪ್ಪಸನ ಕಾಲಕ್ಕೆ ಅದು ನಾಟಕದಲ್ಲೇ ಇತ್ತಲ್ಲಾ. ಯಾರೇ ಬರೆದಿರಲಿ, ಗೊತ್ತಿದ್ದೂ ಮಾಡುವವರನ್ನು ಹತ್ತಿರದಿಂದ ನೋಡಿದವರು ಬರೆದಿದ್ದು.

ಮಲೆನಾಡಿನ ಮಳೆ:

ಸಿಟ್ಟಿನಲ್ಲೇ ನಿಂತುಬಿಟ್ಟಿರಲ್ಲಾ. ಪ್ರೀತಿಗೆ ಬರೋಣ.

ಸ್ಯಾಫೋ, ಲೆಸ್ಬೋಸ್ ದ್ವೀಪದವಳು, ಕ್ರಿ.ಪೂ. 600ರ ಆಸುಪಾಸು. ಅವಳ ಒಂದು ಪದ್ಯ ಉಳಿದುಬಂದಿದೆ, ಅದೂ ಪೂರ್ತಿ ಇಲ್ಲ. ಪ್ರೀತಿಸಿದವಳು ಯಾರೋ ಒಬ್ಬ ಗಂಡಸಿನ ಎದುರಿಗೆ ಕೂತು ನಗುತ್ತಿದ್ದಾಳೆ, ಅವಳನ್ನು ನೋಡಿದ ಕೂಡಲೇ ಇವಳಿಗೆ ಏನಾಗುತ್ತದೆ ಅನ್ನುವುದೇ ಪದ್ಯ. ನಾಲಿಗೆ ಮುರಿದುಬೀಳುತ್ತದೆ, ಚರ್ಮದ ಕೆಳಗೆ ಸಣ್ಣ ಬೆಂಕಿ ಓಡುತ್ತದೆ, ಕಣ್ಣು ಕಾಣಲ್ಲ, ಕಿವಿ ಗುಂಯ್ ಅನ್ನುತ್ತದೆ, ಬೆವರು ಇಳಿಯುತ್ತದೆ, ಮೈಯೆಲ್ಲ ನಡುಕ, ಹುಲ್ಲಿಗಿಂತ ಹಸಿರಾಗಿಬಿಡುತ್ತೀನಿ, ಸತ್ತೇಹೋದೆ ಅನ್ನಿಸುತ್ತದೆ. ಆಮೇಲೆ ಒಂದು ತುಂಡು ಸಾಲು: ಆದರೆ ಎಲ್ಲವನ್ನೂ ತಾಳಬಹುದು. ಅಲ್ಲಿಗೆ ಹರಿದುಹೋಗಿದೆ.

ಐನೂರು ವರ್ಷ ಆದ ಮೇಲೆ ರೋಮಿನ ಕಟುಲಸ್ ಇದನ್ನೇ ಲ್ಯಾಟಿನ್ನಿಗೆ ತರುತ್ತಾನೆ. ನಾಲಿಗೆ, ಬೆಂಕಿ, ಕಿವಿ ಎಲ್ಲ ಬರುತ್ತದೆ. ಆದರೆ ಕೊನೆ ಬೇರೆ ಮಾಡುತ್ತಾನೆ. ಕಟುಲಸ್, ನಿನಗೆ ಬಿಡುವು ಜಾಸ್ತಿಯಾಗಿದೆ, ಅದೇ ನಿನ್ನ ತೊಂದರೆ, ಬಿಡುವು ಹಿಂದೆ ರಾಜರನ್ನೂ ಸುಖವಾಗಿದ್ದ ಪಟ್ಟಣಗಳನ್ನೂ ಹಾಳು ಮಾಡಿದೆ, ಅಂತ ತನ್ನನ್ನೇ ಗದರಿಸಿಕೊಳ್ಳುತ್ತಾನೆ.

ಇದನ್ನು ಪಕ್ಕಪಕ್ಕ ಇಟ್ಟು ಓದಿದ ದಿನ ನನಗೆ ಊಟ ಸೇರಲಿಲ್ಲ. ಒಂದೇ ಜ್ವರ. ಗ್ರೀಕ್ ಹೆಂಗಸು ತಾಳಿಕೊಳ್ಳೋಣ ಅನ್ನುತ್ತಾಳೆ. ರೋಮನ್ ಗಂಡಸಿಗೆ ನಾಚಿಕೆ. ಕೆಲಸ ಇಲ್ಲದ್ದಕ್ಕೇ ಹೀಗಾಯಿತು ಅನ್ನುತ್ತಾನೆ. ರೋಮಿನಲ್ಲಿ ಗಂಡಸು ಅಂದರೆ ತನ್ನ ಮೇಲೆ ತನಗೆ ಹಿಡಿತ ಇರುವವನು. ಪ್ರೀತಿಯಲ್ಲಿ ಬೀಳುವುದು ಅಂದರೆ ಅವರಿಗೆ ಗುಲಾಮನಾದ ಹಾಗೆ. ಆದರೂ ಕಟುಲಸ್ ಬಿದ್ದ, ಬಿದ್ದೆ ಅಂತ ಬರೆದ.

ಅವನ ಎರಡು ಸಾಲಿನ ಪದ್ಯ ಎಲ್ಲರಿಗೂ ಗೊತ್ತಿರಬಹುದು. ದ್ವೇಷಿಸುತ್ತೀನಿ, ಪ್ರೀತಿಸುತ್ತೀನಿ, ಯಾಕೆ ಅಂತ ಕೇಳುತ್ತೀಯೇನೋ, ಗೊತ್ತಿಲ್ಲ, ಆಗುತ್ತಿರುವುದು ಗೊತ್ತಾಗುತ್ತಿದೆ, ನರಳುತ್ತಿದ್ದೀನಿ. ಲ್ಯಾಟಿನ್ನಿನಲ್ಲಿ 14 ಪದ, ಅದರಲ್ಲಿ 8 ಕ್ರಿಯಾಪದ. ಗುಣವಾಚಕ ಒಂದೂ ಇಲ್ಲ. ಹಳೇಪುಟ ಅವರೇ, ನಿಮ್ಮ ಮೆಡಿಯಾಗೆ ಗೊತ್ತು. ಇವನಿಗೆ ಗೊತ್ತಿಲ್ಲ. ಇಬ್ಬರಿಗೂ ಬಿಡುಗಡೆ ಇಲ್ಲ.

ಬಯಲುಸೀಮೆ:

ಮಳೆ ಅವರೇ, ಇದಕ್ಕೇ ರೋಮಿನ ಕವಿ ಲುಕ್ರೀಷಿಯಸ್ ಮದ್ದು ಬರೆದುಕೊಟ್ಟಿದ್ದಾನಲ್ಲಾ, ತನ್ನ ಕಾವ್ಯದ 4ನೇ ಪುಸ್ತಕದ ಕೊನೆಯಲ್ಲಿ. ಮನಸ್ಸಿಗೆ ಬರುವ ಅವಳ ಚಿತ್ರಗಳನ್ನು ಓಡಿಸು, ಗಮನ ಬೇರೆ ಕಡೆ ತಿರುಗಿಸು, ಗಾಯ ಹಳೇದಾದರೆ ಕೀವಾಗುತ್ತದೆ ಅಂತ. ನನಗೆ ಆ ಭಾಗ ಓದುವಾಗೆಲ್ಲ, ಇಷ್ಟು ವಿವರವಾಗಿ ಬೈಯುವವನು ಒಮ್ಮೆ ಚೆನ್ನಾಗಿ ಸುಟ್ಟುಕೊಂಡಿರಬೇಕು ಅನ್ನಿಸುತ್ತದೆ. ಅದು ನನ್ನ ಊಹೆ ಅಷ್ಟೇ.

ಹಳೇಪುಟ:

ರೋಮನ್ನರ ಮಾತು ಬಂದಿದ್ದಕ್ಕೆ ವರ್ಜಿಲ್‌ನನ್ನು ಸೇರಿಸುತ್ತೀನಿ. ಈನಿಯಡ್ ಕಾವ್ಯದಲ್ಲಿ ಕಾರ್ಥೇಜ್ ರಾಣಿ ಡೈಡೋ ಕಥೆ 4ನೇ ಪುಸ್ತಕ. ಟ್ರಾಯ್‌ನಿಂದ ಬಂದ ವೀರ ಈನಿಯಾಸ್ ಅವಳನ್ನು ಬಿಟ್ಟು ಹೊರಡಬೇಕು, ಇಟಲಿಗೆ ಹೋಗಿ ಮುಂದೆ ರೋಮ್ ಆಗುವುದಕ್ಕೆ ಬುನಾದಿ ಹಾಕಬೇಕು, ದೇವರ ಅಪ್ಪಣೆ. ಕಾವ್ಯದ ಲೆಕ್ಕದಲ್ಲಿ ಕರ್ತವ್ಯ ಸರಿ, ಮೋಹ ತಪ್ಪು. ಆದರೆ ಮನಸ್ಸು ಮುಟ್ಟುವ ಸಾಲೆಲ್ಲ ಡೈಡೋಗೆ. ಎಲ್ಲೋ ಒಬ್ಬ ಕುರುಬ ಬಿಟ್ಟ ಬಾಣ ಜಿಂಕೆಗೆ ತಗುಲಿದೆ, ತಗುಲಿದ್ದು ಅವನಿಗೆ ಗೊತ್ತೇ ಇಲ್ಲ, ಜಿಂಕೆ ಬಾಣ ಹೊತ್ತುಕೊಂಡೇ ಕಾಡೆಲ್ಲ ಓಡುತ್ತದೆ. ಡೈಡೋ ಹಾಗೆ ಅನ್ನುತ್ತಾನೆ. ಆ ಉಪಮೆಯಲ್ಲಿ ಈನಿಯಾಸ್ ಮೇಲಿನ ಪೂರ್ತಿ ತೀರ್ಪು ಇದೆ ಅಂತ ನನಗೆ ಅನ್ನಿಸುತ್ತದೆ. ಹೊಡೆದವನು ಅವನೇ. ಅವನಿಗೆ ಗೊತ್ತಿಲ್ಲ. ಆಮೇಲೆ 6ನೇ ಪುಸ್ತಕದಲ್ಲಿ ಸತ್ತವರ ಲೋಕದಲ್ಲಿ ಅವಳನ್ನು ಕಂಡು ಅಳುತ್ತಾ ಮಾತಾಡಿಸುತ್ತಾನೆ. ಅವಳು ಒಂದು ಮಾತೂ ಆಡದೆ ತಿರುಗಿ ಮೊದಲ ಗಂಡನ ಕಡೆ ಹೋಗುತ್ತಾಳೆ.

ಇನ್ನು ಕೊನೆ. 12 ಪುಸ್ತಕ ಉದ್ದಕ್ಕೂ ಕರ್ತವ್ಯ ಕರ್ತವ್ಯ ಅಂತ ಬಂದವನು ಈನಿಯಾಸ್. ಸೋತವರನ್ನು ಉಳಿಸು ಅಂತ ತೀರಿಹೋದ ಅಪ್ಪ ಹೇಳಿದ್ದಾನೆ. ಶತ್ರು ಟರ್ನಸ್ ನೆಲಕ್ಕೆ ಬಿದ್ದು ಕೈ ಚಾಚಿ ಬೇಡುತ್ತಿದ್ದಾನೆ. ಈನಿಯಾಸ್ ಒಂದು ಗಳಿಗೆ ತಡೆಯುತ್ತಾನೆ. ರಾತ್ರಿಪಾಳಿ ಅವರು ಹೇಳಿದ ಆ ತಡ ಆಗುತ್ತದೆ, ಕೈ ನಿಲ್ಲುತ್ತದೆ! ಅಷ್ಟರಲ್ಲಿ ಟರ್ನಸ್‌ನ ಭುಜದ ಮೇಲೆ ಪಟ್ಟಿ ಕಾಣುತ್ತದೆ. ಟರ್ನಸ್ ಕೊಂದು ಹಾಕಿದ್ದ ಹುಡುಗ ಪ್ಯಾಲಸ್‌ನ ಪಟ್ಟಿ. ರೋಷ ಹೊತ್ತಿಕೊಂಡು ಕತ್ತಿ ಇಳಿಸಿಬಿಡುತ್ತಾನೆ. ಕಾವ್ಯ ಅಲ್ಲಿಗೆ ಮುಗಿಯುತ್ತದೆ. ಹೊಗಳಿಕೆ ಇಲ್ಲ, ಬೈಗುಳ ಇಲ್ಲ. ಟರ್ನಸ್‌ನ ಜೀವ ನರಳಿಕೊಂಡು ನೆರಳಿನ ಲೋಕಕ್ಕೆ ಹೋಯಿತು, ಅಷ್ಟೇ.

ಅರಿಸ್ಟಾಟಲ್ ಕಡೆಯವರು ಇದನ್ನು ನ್ಯಾಯದ ಸಿಟ್ಟು ಅನ್ನಬಹುದು. ಸ್ಟೋಯಿಕರು ಸೋಲು ಅನ್ನಬಹುದು. ನನಗೆ ಸೋಲು ಅಂತಲೇ ಕಾಣುತ್ತದೆ, ಆದರೆ ಪ್ಯಾಲಸ್‌ನ ನೆನಪಾದಾಗ ನನ್ನ ಕೈಯಲ್ಲಿ ಕತ್ತಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಯೋಚಿಸಿದರೆ ಬಾಯಿ ಕಟ್ಟುತ್ತದೆ.

ಮೌನಿ:

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಒಂದು ಕೇಳಬೇಕು ಅನ್ನಿಸಿತು. ನಾಲ್ಕು ತಿಂಗಳ ಹಿಂದೆ ನಮ್ಮಮ್ಮ ಹೋದರು. ಮನೆಗೆ ಬಂದವರೆಲ್ಲ ಧೈರ್ಯ ತಗೋ, ಗಟ್ಟಿಯಾಗಿರು ಅಂತಾರೆ. ಸ್ನೇಹಿತನೊಬ್ಬ ಸ್ಟೋಯಿಕರ ಪುಸ್ತಕ ಕೊಟ್ಟ. ಮಗುವಿಗೆ ಮುತ್ತು ಕೊಡುವಾಗ ಇದು ಸಾಯುವ ಜೀವ ಅಂತ ನೆನಪಿಟ್ಟುಕೋ ಅಂತ ಅದರಲ್ಲಿ ಇತ್ತು. ಮುಚ್ಚಿಟ್ಟೆ. ಅಳುವುದೂ ಅವರ ಲೆಕ್ಕದಲ್ಲಿ ತಪ್ಪು ತೀರ್ಪೇನಾ?

ತುಂಗಾತೀರ:

ಮೌನಿ ಅವರೇ, ಅಮ್ಮನ ವಿಷಯ ಕೇಳಿ ಬೇಜಾರಾಯಿತು. ನಾಲ್ಕು ತಿಂಗಳು ಏನೂ ಅಲ್ಲ.

ಪುಸ್ತಕ ಮುಚ್ಚಿಟ್ಟದ್ದು ತಪ್ಪಲ್ಲ. ಅದರ ಬದಲು ನಿಮಗೆ ಸಿಸಿರೋ ಕಥೆ ಹೇಳುತ್ತೀನಿ. ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಅವನ ಮಗಳು ಟುಲಿಯಾ ಹೆರಿಗೆ ಆದ ಸ್ವಲ್ಪ ದಿನಕ್ಕೆ ತೀರಿಕೊಂಡಳು. ಸಿಸಿರೋ ರೋಮಿನ ದೊಡ್ಡ ಮಾತುಗಾರ, ಆ ಹೊತ್ತಿಗೆ 60 ದಾಟಿದ ಮುದುಕ. ಗೆಳೆಯ ಅಟಿಕಸ್‌ನ ಮನೆಯಲ್ಲಿ ಕೂತು ದುಃಖ ಕಡಿಮೆ ಮಾಡಿಕೊಳ್ಳುವ ಬಗ್ಗೆ ಇದ್ದಬದ್ದ ಪುಸ್ತಕ ಎಲ್ಲ ಓದಿದ. ತನಗೆ ತಾನೇ ಒಂದು ಸಮಾಧಾನದ ಪುಸ್ತಕ ಬರೆದುಕೊಂಡ. ಅದು ಉಳಿದಿಲ್ಲ. ಆಮೇಲೆ ಅಸ್ಟೂರಾ ಅನ್ನುವ ಕಡಲ ಬದಿಯ ಮನೆಗೆ ಹೋಗಿ ಕೂತ. ಅಲ್ಲಿಂದ ಬರೆದ ಪತ್ರಗಳು ಉಳಿದಿವೆ. ಬೆಳಗ್ಗೆ ದಟ್ಟವಾದ ಮುಳ್ಳು ಕಾಡಿನೊಳಗೆ ಹೋಗಿ ಅಡಗಿಕೊಂಡರೆ ಸಂಜೆ ತನಕ ಹೊರಗೆ ಬರಲ್ಲ, ಮಾತೆಲ್ಲ ಪುಸ್ತಕದ ಜೊತೆ, ಅದನ್ನೂ ಅಳು ಬಂದು ನಿಲ್ಲಿಸುತ್ತದೆ, ಆದಷ್ಟು ಎದುರಿಸಿ ನಿಲ್ಲುತ್ತೀನಿ, ಇನ್ನೂ ಸಾಲುತ್ತಿಲ್ಲ. ಹೀಗೆ.

ಗೆಳೆಯ ಸುಲ್ಪೀಸಿಯಸ್ ಗ್ರೀಸಿನಿಂದ ಒಂದು ಪತ್ರ ಬರೆಯುತ್ತಾನೆ. ಹಡಗಿನಲ್ಲಿ ಬರುವಾಗ ಸುತ್ತಲೂ ನೋಡಿದೆ, ಈಜಿನಾ, ಮೆಗಾರಾ, ಪಿರೇಯಸ್, ಕೊರಿಂಥ್, ಒಂದು ಕಾಲಕ್ಕೆ ಮೆರೆದ ಊರುಗಳು ಹೆಣದ ಹಾಗೆ ಬಿದ್ದಿವೆ, ಊರುಗಳೇ ಹೀಗಿರುವಾಗ ಒಬ್ಬ ಹೆಣ್ಣುಮಗಳ ಸಣ್ಣ ಜೀವಕ್ಕೆ ಇಷ್ಟು ದುಃಖವೇ ಅಂತ. ಒಳ್ಳೆ ಮನಸ್ಸಿನಿಂದಲೇ ಬರೆದ. ನಿಮ್ಮ ಮನೆಗೆ ಬಂದವರ ಹಾಗೆ. ಸಿಸಿರೋ ಥ್ಯಾಂಕ್ಸ್ ಹೇಳಿ ಉತ್ತರ ಬರೆಯುತ್ತಾನೆ: ಮೊದಲು ಮನೆಯಲ್ಲಿ ನೋವಾದರೆ ದೇಶದ ಕೆಲಸಕ್ಕೆ ಹೋಗುತ್ತಿದ್ದೆ, ಹೊರಗೆ ನೋವಾದರೆ ಮಗಳ ಹತ್ತಿರ ಬರುತ್ತಿದ್ದೆ, ಈಗ ಗಣರಾಜ್ಯವೂ ಹೋಯಿತು, ಅವಳೂ ಹೋದಳು, ಎಲ್ಲಿಗೆ ಹೋಗಲಿ?

ಅದೇ ವರ್ಷ, ಆ ಕೆಲವೇ ತಿಂಗಳಲ್ಲಿ, ಅವನು ಇನ್ನೊಂದು ಪುಸ್ತಕ ಬರೆಯುತ್ತಾನೆ. ಟಸ್ಕುಲಮ್ ಮನೆಯಲ್ಲಿ ಐದು ದಿನ ನಡೆದ ಮಾತುಕತೆ ಅನ್ನುವ ಹಾಗೆ. ಮೂರನೇ ದಿನದ ವಿಷಯ, ತಿಳಿದವನಿಗೆ ದುಃಖ ಬರುವುದಿಲ್ಲ. ಹಿಂದೆಲ್ಲ ನಾನು ಅದನ್ನು ಬೂಟಾಟಿಕೆ ಅಂದುಕೊಂಡಿದ್ದೆ. ಅಪ್ಪ ತೀರಿಕೊಂಡ ಮೇಲೆ ಮತ್ತೆ ಓದಿದೆ. ಆಗ ಅದು ಬೇರೆಯಾಗಿ ಕೇಳಿಸಿತು. ಗಾಯದ ಮೇಲೆ ಕೈ ಒತ್ತಿ ಹಿಡಿದುಕೊಂಡು ಬರೆಯುತ್ತಿದ್ದಾನೆ ಅವನು. ಪಾಠ ನಮಗಲ್ಲ, ಅವನಿಗೇ.

ರಾತ್ರಿಪಾಳಿ:

ಮೌನಿ ಅವರೇ, ನೀವು ಕೇಳಿದ್ದಕ್ಕೆ ಸೆನೆಕಾನಲ್ಲೂ ಒಂದು ಮಾತಿದೆ. ಮೊದಲ ಅಲೆ ನಮ್ಮ ಕೈಯಲ್ಲಿಲ್ಲ ಅನ್ನುತ್ತಾನೆ. ತಣ್ಣೀರು ಬಿದ್ದರೆ ಮೈ ನಡುಗುವ ಹಾಗೆ. ಕಣ್ಣ ಹತ್ತಿರ ಬೆರಳು ತಂದರೆ ರೆಪ್ಪೆ ಬಡಿಯುವ ಹಾಗೆ. ನಾಟಕ ನೋಡುವಾಗ, ಓದುವಾಗಲೂ ಅದು ಬರುತ್ತದೆ. ಅದು ತಪ್ಪಲ್ಲ, ಅದನ್ನು ಯಾವ ಬುದ್ಧಿಯೂ ತಡೆಯಲ್ಲ. ನೀವು ಅಳುವುದಕ್ಕೆ ಯಾರ ಹತ್ತಿರವೂ ಕಾರಣ ಕೊಡಬೇಕಾಗಿಲ್ಲ. ವಾರ್ಡಿನಲ್ಲಿ ಎಷ್ಟೋ ಜನರನ್ನು ನೋಡಿದ್ದೀನಿ, ಅತ್ತವರು ಬೇಗ ನೀರು ಕುಡಿಯುತ್ತಾರೆ, ಊಟ ಮಾಡುತ್ತಾರೆ.

ತುಂಗಾತೀರ:

ನೀರು, ಊಟ ಅಂದಿರಿ ನೋಡಿ. ಇಲಿಯಡ್‌ನ ಕೊನೇ ಪುಸ್ತಕ ಅದೇ! ಮಗ ಹೆಕ್ಟರ್‌ನ ಹೆಣ ಕೇಳೋಕೆ ಟ್ರಾಯ್‌ನ ಮುದಿ ರಾಜ ಪ್ರಿಯಮ್ ರಾತ್ರಿ ಶತ್ರು ಅಕಿಲೀಸ್‌ನ ಗುಡಾರಕ್ಕೆ ಬರುತ್ತಾನೆ. ಮಕ್ಕಳನ್ನು ಕೊಂದ ಆ ಕೈಗೇ ಮುತ್ತಿಡುತ್ತಾನೆ. ನಿನ್ನಪ್ಪನನ್ನು ನೆನೆಸಿಕೋ ಅನ್ನುತ್ತಾನೆ. ಇಬ್ಬರೂ ಅಳುತ್ತಾರೆ, ಅವನು ಹೆಕ್ಟರ್‌ಗೆ, ಇವನು ಅಪ್ಪನಿಗೆ, ಮತ್ತೆ ಪಟ್ರೋಕ್ಲಸ್‌ಗೆ. ಅತ್ತು ಸಾಕಾದ ಮೇಲೆ ಅಕಿಲೀಸ್ ಎದ್ದು ಕುರಿ ಕೊಯ್ದು ಅಡುಗೆ ಮಾಡಿಸಿ ಉಣ್ಣಿಸುತ್ತಾನೆ. ಹನ್ನೆರಡು ಮಕ್ಕಳನ್ನು ಕಳೆದುಕೊಂಡ ನಿಯೋಬೆಯೂ ಊಟ ಮರೆಯಲಿಲ್ಲ ಅನ್ನುತ್ತಾನೆ.

ಆದರೆ ಸಿಟ್ಟು ಹೋಗಿಬಿಟ್ಟಿತು ಅಂದುಕೊಳ್ಳಬೇಡಿ. ಮಧ್ಯದಲ್ಲಿ ಪ್ರಿಯಮ್ ಸ್ವಲ್ಪ ಆತುರ ಮಾಡಿದ್ದಕ್ಕೆ, ಮುದುಕ, ನನ್ನನ್ನು ಕೆರಳಿಸಬೇಡ ಅಂತ ಗದರುತ್ತಾನೆ. ಹೊರಗೆ ಹೋಗಿ ಹೆಣ ತೊಳೆಸುವಾಗ ಪ್ರಿಯಮ್ ಕಣ್ಣಿಗೆ ಬೀಳದ ಹಾಗೆ ದೂರದಲ್ಲಿ ತೊಳೆಯಿರಿ ಅನ್ನುತ್ತಾನೆ. ಯಾಕೆ? ಮಗನನ್ನು ನೋಡಿ ಮುದುಕ ಸಿಟ್ಟಾದರೆ, ತನಗೂ ಸಿಟ್ಟು ಏರಿ ಅವನನ್ನು ಕೊಂದುಬಿಟ್ಟೇನು ಅಂತ. ತನ್ನ ಸಿಟ್ಟಿನ ಗುಣ ತನಗೆ ಗೊತ್ತಿದೆ ಅವನಿಗೆ. ಕಾಲಿಗೆ ಅಡ್ಡ ಬರುವ ಕಲ್ಲನ್ನು ಮೊದಲೇ ಎತ್ತಿಟ್ಟ ಹಾಗೆ. ಮೆಡಿಯಾಗೂ ಗೊತ್ತಿತ್ತು, ಇವನಿಗೂ ಗೊತ್ತು. ಇವನು ಹೆಣ ಮರೆ ಮಾಡಿಸಿದ.

ಗಣಿತದ ಮೇಷ್ಟ್ರು:

ಇದು ನಾನು ಗಮನಿಸಿರಲೇ ಇಲ್ಲ. ಮೂರು ಸಲ ಓದಿದ್ದೀನಿ. ಓಟ ಶುರುವಾಗುವ ಮುಂಚೆಯೇ ಕಾಲು ಎಲ್ಲಿಗೆ ಹೋಗುತ್ತದೆ ಅಂತ ನೋಡಿದ್ದಾನೆ. ಕ್ರೈಸಿಪ್ಪಸ್‌ಗೆ ಇದು ಇಷ್ಟ ಆಗುತ್ತಿತ್ತು.

ಬಯಲುಸೀಮೆ:

ಕನ್ನಡದ ಕಡೆಯಿಂದ ಒಂದು ಸೇರಿಸಲೇಬೇಕು. ಸೊಫೊಕ್ಲೀಸ್‌ನ ಏಜಾಕ್ಸ್ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯ ನಮ್ಮ ಮಹಾಭಾರತಕ್ಕೆ ಒಗ್ಗಿಸಿ 'ಅಶ್ವತ್ಥಾಮನ್' ಬರೆದರಲ್ಲಾ. ಏಜಾಕ್ಸ್ ಅವಮಾನದ ಸಿಟ್ಟಿನಲ್ಲಿ ಸೇನಾಪತಿಗಳನ್ನು ಕೊಲ್ಲೋಕೆ ಹೊರಟು, ದೇವತೆ ಅಥೀನಾ ಹುಚ್ಚು ಹಿಡಿಸಿದ್ದರಿಂದ ದನ ಕುರಿಗಳನ್ನು ಕಡಿದು ಹಾಕುತ್ತಾನೆ. ಮಾನದ ಸಿಟ್ಟಿಗೆ ನಮ್ಮಲ್ಲಿ ಯಾರು ಸರಿಸಾಟಿ ಅಂತ ಹುಡುಕಿದಾಗ ಶ್ರೀಯವರಿಗೆ ಅಶ್ವತ್ಥಾಮ ಕಂಡದ್ದು ಎಷ್ಟು ಸರಿ ಅಲ್ವಾ?

ಮೂಲ ನಾಟಕದ ಶುರುವಿನಲ್ಲಿ ಅಥೀನಾ ಒಡಿಸ್ಯೂಸ್‌ಗೆ ಹೇಳುತ್ತಾಳೆ, ನಿನ್ನ ಶತ್ರುವಿನ ಹುಚ್ಚು ನೋಡು, ಶತ್ರುವನ್ನು ನೋಡಿ ನಗುವುದಕ್ಕಿಂತ ಹಿತ ಬೇರೆ ಉಂಟಾ ಅಂತ. ಒಡಿಸ್ಯೂಸ್ ನಗುವುದಿಲ್ಲ. ಅವನು ನನ್ನ ವೈರಿಯಾದರೂ ಅವನನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ, ಅವನ ಪಾಡಿನಲ್ಲಿ ನನ್ನ ಪಾಡು ಕಾಣುತ್ತದೆ, ಬದುಕಿರುವ ನಾವೆಲ್ಲ ಬರೀ ನೆರಳು ಅನ್ನುತ್ತಾನೆ. ದೇವತೆಗೆ ಬಾರದ ಕರುಣೆ ಮನುಷ್ಯನಿಗೆ ಬಂತು. ಎಪಿಕ್ಟೆಟಸ್ ಮೆಡಿಯಾಗೆ ತೋರಿಸಿದ್ದು ಇದನ್ನೇ ಅಂತ ಮೇಷ್ಟ್ರು ಹೇಳಿದ ಮೇಲೆ ಹೊಳೆಯಿತು.

ಮೌನಿ:

ಎಲ್ಲರಿಗೂ ಥ್ಯಾಂಕ್ಸ್. ಸಿಸಿರೋನ ಉತ್ತರ ಎರಡು ಸಲ ಓದಿದೆ. ಎಲ್ಲಿಗೆ ಹೋಗಲಿ ಅನ್ನುವುದು. ನಾನೂ ಆಫೀಸಿನಲ್ಲಿ ಏನಾದರೂ ಆದರೆ ಅಮ್ಮನಿಗೇ ಫೋನ್ ಮಾಡುತ್ತಿದ್ದೆ. ಆ ಪತ್ರಗಳು ಎಲ್ಲಿ ಸಿಗುತ್ತವೆ ಅಂತ ಯಾರಾದರೂ ಹೇಳುತ್ತೀರಾ?

ತುಂಗಾತೀರ:

ಇಂಗ್ಲಿಷ್ ಅನುವಾದ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅಟಿಕಸ್‌ಗೆ ಬರೆದದ್ದರಲ್ಲಿ 12ನೇ ಪುಸ್ತಕ, ಸುಲ್ಪೀಸಿಯಸ್‌ನ ಪತ್ರ ಮತ್ತು ಉತ್ತರ ಗೆಳೆಯರಿಗೆ ಬರೆದ ಪತ್ರಗಳ 4ನೇ ಪುಸ್ತಕ. ನಾನು ಅದೆರಡನ್ನೂ ಕನ್ನಡಕ್ಕೆ ಬರೆದಿಟ್ಟುಕೊಂಡಿದ್ದೀನಿ, ಕೈಬರಹದಲ್ಲಿದೆ. ಭಾನುವಾರ ಕೂತು ಟೈಪ್ ಮಾಡಿ ಇಲ್ಲೇ ಹಾಕುತ್ತೀನಿ.

ಹಳೇಪುಟ:

ದಯವಿಟ್ಟು ಹಾಕಿ. ನಾನು ಈ ವಾರ ಯೂರಿಪಿಡೀಸ್‌ನ ಹಿಪ್ಪಾಲಿಟಸ್ ಶುರು ಮಾಡಿದ್ದೀನಿ. ಕ್ರಿ.ಪೂ. 428, ಮೆಡಿಯಾ ಆಗಿ ಮೂರೇ ವರ್ಷ. ಅದರಲ್ಲಿ ಫೀಡ್ರಾ ಹೇಳುತ್ತಾಳೆ, ಒಳ್ಳೇದು ಯಾವುದು ಅಂತ ನಮಗೆ ಗೊತ್ತಿರುತ್ತದೆ, ಮಾಡುವುದಕ್ಕೆ ಮಾತ್ರ ಆಗುವುದಿಲ್ಲ. ಮತ್ತೆ ಅದೇ "ಗೊತ್ತು." ಈ ಸಲ ಬಹುಮಾನ ಮೊದಲನೆಯದೇ ಬಂತಂತೆ. ಅರ್ಧ ಓದಿದ್ದೀನಿ, ಮುಗಿಸಿ ಬರುತ್ತೀನಿ.